ಶಹಾಬಾದ್ ಕಲ್ಲಿನ ನೆಲ, ಕಲಬುರಗಿಯ ಬಿಸಿಲು: ಮನೆಯ ಗೋಡೆಗೆ ಬೆಚ್ಚನೆಯ ತಿಳಿಬಣ್ಣ ಆರಿಸುವ ಸಮಗ್ರ ಮಾರ್ಗದರ್ಶಿ

ಕಲಬುರಗಿಯ ನಮ್ಮ ಮನೆಯ ಪಡಸಾಲೆಗೆ ಮೊದಲ ಸಲ ಬಣ್ಣ ಹಚ್ಚಿಸುವಾಗ, ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಶೇಡ್ ಕಾರ್ಡ್ ಹಿಡಿದು ಹತ್ತೇ ನಿಮಿಷದಲ್ಲಿ ಒಂದು ಕೆನೆಬಣ್ಣವನ್ನು ಆರಿಸಿದ್ದೆ. ಕಾರ್ಡಿನ ಮೇಲೆ ಅದು ಹಾಲಿನ ಕೆನೆಯಷ್ಟೇ ಸೌಮ್ಯವಾಗಿತ್ತು. ಗೋಡೆಯ ಮೇಲೆ ಮೊದಲ ಕೋಟ್ ಒಣಗಿದಾಗ, ಶಹಾಬಾದ್ ಕಲ್ಲಿನ ನೀಲಿಬೂದು ನೆಲದ ಎದುರಿಗೆ ಅದೇ ಬಣ್ಣ ಅರಿಸಿನ ಕಲಸಿದ ಹಿಟ್ಟಿನಂತೆ ಕಂಡಿತು. "ಇನ್ನೊಂದು ಕೋಟ್ ಆಗ್ಲಿ ತಡೀರಿ ಅಕ್ಕಾರ, ಆಮ್ಯಾಲ ಛಲೋ ಕಾಣ್ತದ" ಎಂದು ಬಣ್ಣದ ಮೇಸ್ತ್ರಿ ಸಮಾಧಾನ ಹೇಳಿದರು. ಎರಡನೆಯ ಕೋಟ್ ಬಿದ್ದ ಮೇಲೆ ಹಳದಿ ಇನ್ನಷ್ಟು ಗಟ್ಟಿಯಾಯಿತು. ತಪ್ಪು ಮೇಸ್ತ್ರಿಯದಾಗಿರಲಿಲ್ಲ, ಬಣ್ಣದ್ದೂ ಆಗಿರಲಿಲ್ಲ. ಮನೆಯ ನೆಲವನ್ನೂ ಬೆಳಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಕಾರ್ಡನ್ನಷ್ಟೇ ನೋಡಿ ನಿರ್ಧರಿಸಿದ್ದು ತಪ್ಪಾಗಿತ್ತು. ಮುಂದೆ ಮತ್ತೆ ಬಣ್ಣ ಹಚ್ಚಿಸುವ ಸಂದರ್ಭ ಬಂದಾಗ ಒಂದೊಂದೇ ಹೆಜ್ಜೆಯಾಗಿ ಅನುಸರಿಸಿದ ಕ್ರಮವನ್ನು, ಕಲಬುರಗಿ, ಬೀದರ್ ಮತ್ತು ಯಾದಗಿರಿ ಭಾಗದ ಮನೆಗಳನ್ನು ಕಣ್ಣ ಮುಂದಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಮೊದಲು ನಾಲ್ಕು ಹಿಟ್ಟುಗಳನ್ನು ಪಕ್ಕಪಕ್ಕ ಇಡಿ

ಬಣ್ಣದ ಅಂಗಡಿಗಳಲ್ಲಿ ವಾರ್ಮ್ ನ್ಯೂಟ್ರಲ್ ಎಂದು ಕರೆಯುವ ಬಣ್ಣಗಳಿಗೆ ನಮ್ಮ ಮಾತಿನಲ್ಲಿ ಹಲವು ಹೆಸರುಗಳಿವೆ: ಕೆನೆಬಣ್ಣ, ಗೋಧಿ ಬಣ್ಣ, ಬಾದಾಮಿ ಬಣ್ಣ, ಬಿಸ್ಕತ್ತಿನ ಬಣ್ಣ, ದಂತದ ಬಣ್ಣ. ಇವು ಬಿಳಿಯೂ ಅಲ್ಲ, ಇಂಥದೇ ಬಣ್ಣವೆಂದು ಎದ್ದು ಕಾಣುವಷ್ಟು ಗಾಢವೂ ಅಲ್ಲ. ಅವುಗಳ ಒಳಗೆ ಹಳದಿ, ಕೆಂಪು ಅಥವಾ ಕಂದು ಸ್ವಲ್ಪವೇ ಬೆರೆತಿರುತ್ತದೆ. ಹೀಗೆ ಅಡಗಿ ಕುಳಿತ ಬಣ್ಣವನ್ನು ಒಳಛಾಯೆ ಎನ್ನೋಣ. ಆಯ್ಕೆಯಲ್ಲಿ ನಾವು ಎಡವುವುದು ಬಹುಮಟ್ಟಿಗೆ ಈ ಒಳಛಾಯೆಯನ್ನು ಗುರುತಿಸದೆ ಹೋಗುವುದರಿಂದ.

ಇದನ್ನು ಗುರುತಿಸಲು ಕಣ್ಣಿಗೆ ಅಭ್ಯಾಸ ಬೇಕು, ಆ ಅಭ್ಯಾಸಕ್ಕೆ ಅಡುಗೆಮನೆಯೇ ಸಾಕು. ಒಂದು ಬಿಳಿ ಹಾಳೆಯನ್ನು ಕಿಟಕಿಯ ಬಳಿ, ಆದರೆ ನೇರ ಬಿಸಿಲು ಬೀಳದ ಕಡೆ ಹಾಸಿ, ಅದರ ಮೇಲೆ ಮೈದಾ, ಜೋಳದ ಹಿಟ್ಟು, ಗೋಧಿ ಹಿಟ್ಟು ಮತ್ತು ಕಡಲೆ ಹಿಟ್ಟನ್ನು ಒಂದೊಂದು ಚಮಚದಷ್ಟು ಪಕ್ಕಪಕ್ಕದಲ್ಲಿ ಹರಡಿ, ಬೆರಳಿನಿಂದ ಸಮ ಮಾಡಿ. ಡಬ್ಬಿಯೊಳಗೆ ನೋಡುವಾಗ ಜೋಳದ ಹಿಟ್ಟು ಬಿಳಿಯಾಗಿಯೇ ಇತ್ತು. ಮೈದಾದ ಪಕ್ಕದಲ್ಲಿ ಅದರೊಳಗಿನ ಬೂದುತನ ತಕ್ಷಣ ಹೊರಬೀಳುತ್ತದೆ. ಗೋಧಿ ಹಿಟ್ಟಿನಲ್ಲಿ ಹೊಟ್ಟಿನಿಂದ ಬಂದ ಕೆಂಪುಮಿಶ್ರಿತ ಕಂದು ಕಾಣುತ್ತದೆ. ಕಡಲೆ ಹಿಟ್ಟಿನ ಹಳದಿಯನ್ನು ಯಾರೂ ತೋರಿಸಿಕೊಡಬೇಕಾಗಿಲ್ಲ. ಈಗ ಮೈದಾವನ್ನು ಕಾಗದದ ಬಿಳುಪಿಗೆ ಹೋಲಿಸಿ ನೋಡಿ: ಬಿಳಿ ಎಂದುಕೊಂಡಿದ್ದ ಅದಕ್ಕೂ ನಸು ಕೆನೆಬಣ್ಣ ಇರುವುದು ತಿಳಿಯುತ್ತದೆ. ಶೇಡ್ ಕಾರ್ಡಿನ ತಿಳಿಬಣ್ಣಗಳೂ ಹೀಗೆಯೇ. ಒಂಟಿಯಾಗಿ ನೋಡಿದಾಗ ಎಲ್ಲವೂ ಒಂದೇ. ಅಚ್ಚ ಬಿಳಿಯ ಪಕ್ಕದಲ್ಲಿ, ಇನ್ನೊಂದು ತಿಳಿಬಣ್ಣದ ಪಕ್ಕದಲ್ಲಿ ಇಟ್ಟಾಗ ಒಂದು ಹಳದಿಗೆ, ಒಂದು ಗುಲಾಬಿಗೆ, ಒಂದು ಬೂದಿಗೆ, ಮತ್ತೊಂದು ನಸುಹಸಿರಿಗೆ ವಾಲಿರುವುದು ಕಾಣುತ್ತದೆ.

ಇನ್ನೊಂದು ಉಪಾಯವೂ ಇದೆ. ಹೆಚ್ಚಿನ ಶೇಡ್ ಕಾರ್ಡುಗಳಲ್ಲಿ ಒಂದೇ ಪಟ್ಟಿಯಲ್ಲಿ ತಿಳಿಯಿಂದ ಗಾಢದವರೆಗೆ ಬಣ್ಣಗಳನ್ನು ಕ್ರಮವಾಗಿ ಜೋಡಿಸಿರುತ್ತಾರೆ. ನಿಮಗೆ ಹಿಡಿಸಿದ ತಿಳಿಬಣ್ಣ ಇರುವ ಪಟ್ಟಿಯ ಅತ್ಯಂತ ಗಾಢ ತುದಿಯನ್ನು ನೋಡಿ. ಅದು ಇಟ್ಟಿಗೆಯ ಕಡೆಗಿದ್ದರೆ ನಿಮ್ಮ ತಿಳಿಬಣ್ಣದಲ್ಲಿ ಕೆಂಪು ಅಡಗಿದೆ, ಸಾಸಿವೆಯ ಕಡೆಗಿದ್ದರೆ ಹಳದಿ ಅಡಗಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಅಂಗಡಿಯಲ್ಲಿ ಯಂತ್ರದಿಂದ ಬಣ್ಣ ಬೆರೆಸುವಾಗ ಬಿಳಿಯ ಮೂಲಬಣ್ಣಕ್ಕೆ ಯಾವ ಯಾವ ಬಣ್ಣದ್ರವ್ಯ ಎಷ್ಟೆಷ್ಟು ಬಿತ್ತು ಎಂಬುದು ಯಂತ್ರದಲ್ಲಿ ದಾಖಲಾಗಿರುತ್ತದೆ. ತಿಳಿ ಕಂದುಛಾಯೆಯ ಬಣ್ಣಗಳಲ್ಲಿ ಸಾಮಾನ್ಯವಾಗಿ ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್ ಮತ್ತು ಕಪ್ಪು ಇರುತ್ತವೆ. ಯಾವುದು ಹೆಚ್ಚು ಎಂದು ಅಂಗಡಿಯವರನ್ನು ಕೇಳಿದರೆ ಒಳಛಾಯೆಯ ಬಗ್ಗೆ ಊಹೆ ಮಾಡುವ ಅಗತ್ಯವೇ ಉಳಿಯುವುದಿಲ್ಲ.

ಗೋಡೆಗಿಂತ ಮೊದಲು ನೆಲವನ್ನು ನೋಡಿ

ಗೋಡೆಯ ಬಣ್ಣವನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸುತ್ತೇವೆ, ನೆಲವನ್ನು ಬದಲಿಸುವವರು ವಿರಳ. ಆದ್ದರಿಂದ ಬಣ್ಣವನ್ನು ನೆಲಕ್ಕೆ ಒಪ್ಪಿಸಬೇಕು. ಎರಡು ಕಾರಣಗಳಿಂದ ನೆಲ ಗೋಡೆಯ ಬಣ್ಣವನ್ನು ಬದಲಿಸುತ್ತದೆ. ಕಿಟಕಿಯಿಂದ ಬಂದ ಬೆಳಕು ಮೊದಲು ನೆಲಕ್ಕೆ ಬಿದ್ದು, ನೆಲದ ಬಣ್ಣವನ್ನು ಸ್ವಲ್ಪ ಹೊತ್ತುಕೊಂಡು ಗೋಡೆಗೆ ಏರುತ್ತದೆ, ಇದು ಒಂದು. ಎರಡು ಬಣ್ಣಗಳು ಅಕ್ಕಪಕ್ಕ ಇದ್ದಾಗ ನಮ್ಮ ಕಣ್ಣು ಅವುಗಳ ವ್ಯತ್ಯಾಸವನ್ನು ಇದ್ದುದಕ್ಕಿಂತ ಹಿಗ್ಗಿಸಿ ನೋಡುತ್ತದೆ, ಇದು ಇನ್ನೊಂದು.

ನಮ್ಮ ಭಾಗದಲ್ಲಿ ಈ ಮಾತು ಮುಖ್ಯವಾಗುವುದು ಶಹಾಬಾದ್ ಕಲ್ಲಿನ ಕಾರಣಕ್ಕೆ. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಿನ ಗಣಿಗಳಿಂದ ಬರುವ ಈ ಹಾಸುಗಲ್ಲು ಸುಣ್ಣಕಲ್ಲಿನ ಜಾತಿಯದು. ಇದೇ ಪ್ರದೇಶದ ಸುಣ್ಣಕಲ್ಲನ್ನು ನಂಬಿಯೇ ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ನಡೆಯುತ್ತವೆ. ಬೇಸಿಗೆಯಲ್ಲಿ ಕಾಲಿಗೆ ತಂಪು, ದುಡಿದು ಬಂದವರು ಬರಿ ನೆಲದ ಮೇಲೆ ಮಲಗಬಹುದಾದಷ್ಟು ಹಿತ. ಸಾಮಾನ್ಯವಾಗಿ ಕಾಣುವ ಅದರ ಬಣ್ಣ ನೀಲಿ ಬೆರೆತ ಬೂದು. ಪಾಲಿಶ್ ಮಾಡಿದಾಗ, ನೀರು ಹಾಕಿ ಒರೆಸಿದಾಗ ಅದು ಇನ್ನಷ್ಟು ಕಪ್ಪಾಗುತ್ತದೆ. ನೀಲಿಯ ಎದುರಿಗೆ ಹಳದಿ ಮತ್ತು ಕಿತ್ತಳೆ ಒಳಛಾಯೆಗಳು ಉಕ್ಕಿ ಕಾಣುತ್ತವೆ. ನಮ್ಮ ಪಡಸಾಲೆಯಲ್ಲಿ ಆದದ್ದು ಇದೇ. ಇಂಥ ನೆಲವಿದ್ದರೆ ಕಡಲೆ ಹಿಟ್ಟಿನ ಕಡೆಗೆ ವಾಲಿದ ಕೆನೆಬಣ್ಣ ಬೇಡ. ಸ್ವಲ್ಪ ಬೂದು ಬೆರೆತ, ಜೋಳದ ಹಿಟ್ಟಿನ ಹತ್ತಿರದ ಬಣ್ಣವನ್ನು ಆರಿಸಿ. ಕಾರ್ಡಿನ ಮೇಲೆ ಅದು ಸಪ್ಪೆಯಾಗಿ ಕಂಡರೂ ಕಲ್ಲಿನ ಎದುರಿಗೆ ನಿಂತಾಗ ಬೇಕಾದಷ್ಟು ಬೆಚ್ಚನೆ ತಾನಾಗಿಯೇ ಬರುತ್ತದೆ.

ಕೆಂಪು ಆಕ್ಸೈಡಿನ ನೆಲ ಇದ್ದರೆ ಲೆಕ್ಕ ಬೇರೆಯಾಗುತ್ತದೆ. ನೆಲದ ಕೆಂಪು ಗೋಡೆಯ ಕೆಳಭಾಗಕ್ಕೆ ಏರಿ, ಬಾದಾಮಿ ಮತ್ತು ಗೋಧಿ ಬಣ್ಣಗಳನ್ನು ಗುಲಾಬಿಯ ಕಡೆಗೆ ಎಳೆಯುತ್ತದೆ. ಅಲ್ಲಿ ಕೆಂಪು ಒಳಛಾಯೆ ಇಲ್ಲದ, ಮಂದವಾದ ದಂತದ ಬಣ್ಣ ಒಪ್ಪುತ್ತದೆ. ಬೀದರಿನ ಮನೆಗಳಲ್ಲಿ ಹೊರಗಿನಿಂದಲೂ ಇದೇ ಪ್ರಭಾವ ಬರಬಹುದು: ಬೀದರ್ ನಿಂತಿರುವುದೇ ಕೆಂಪು ಜಂಬಿಟ್ಟಿಗೆಯ ನೆಲದ ಮೇಲೆ, ಕೋಟೆಯ ಗೋಡೆಗಳೂ ಆ ಕಲ್ಲಿನವೇ. ಅಂಗಳದ ಕೆಂಪು ಮಣ್ಣಿಗೆ ಅಥವಾ ಎದುರಿನ ಜಂಬಿಟ್ಟಿಗೆ ಗೋಡೆಗೆ ಬಿದ್ದ ಬಿಸಿಲು ಕಿಟಕಿಯೊಳಗೆ ಕೆಂಪಾಗಿಯೇ ಬರುತ್ತದೆ.

ಹೊಸ ಮನೆಗಳ ಕೆನೆಬಣ್ಣದ ವಿಟ್ರಿಫೈಡ್ ಟೈಲ್ಸ್ ವಿಷಯದಲ್ಲಿ ಎಚ್ಚರ ಬೇಕಾಗುವುದು ಬೇರೆ ಕಾರಣಕ್ಕೆ. ಈ ಟೈಲ್ಸ್‌ನಲ್ಲಿ ಬಹುಪಾಲು ಹಳದಿಗೆ ವಾಲಿದವು. ಗೋಡೆಗೆ ಬೂದು ಬೆರೆತ ಬಣ್ಣ ಹಚ್ಚಿದರೆ ನೆಲ ಹಳೆಯದಾಗಿ ಕಾಣುತ್ತದೆ, ಇಲ್ಲವೇ ಗೋಡೆ ಮಾಸಿದಂತೆ ಕಾಣುತ್ತದೆ. ಟೈಲ್ಸ್‌ನ ಒಂದು ತುಂಡನ್ನು ಅಂಗಡಿಗೆ ಒಯ್ದು, ಅದೇ ಜಾತಿಯ ಒಳಛಾಯೆಯಲ್ಲಿ ಒಂದು ಮೆಟ್ಟಿಲು ತಿಳಿಯಾದುದನ್ನು ಆರಿಸುವುದು ಸುರಕ್ಷಿತ.

ಬೆಳಕಿನ ದಿಕ್ಕು

ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ಮೇ ಎರಡನೆಯ ವಾರದ ಹೊತ್ತಿಗೆ ಒಮ್ಮೆ, ಆಗಸ್ಟ್ ಮೊದಲ ವಾರದ ಹೊತ್ತಿಗೆ ಮತ್ತೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ, ನಡುವಿನ ಅವಧಿಯಲ್ಲಿ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನವೂ ಅವನು ದಕ್ಷಿಣದಲ್ಲಿ ಸುಮಾರು 49 ಡಿಗ್ರಿಗಿಂತ ಮೇಲೇರುವುದಿಲ್ಲ. ಇದರ ಅರ್ಥ ಮನೆಗೆ ಸಂಬಂಧಿಸಿದಂತೆ ಸರಳ: ದಕ್ಷಿಣದ ಕಿಟಕಿಯ ಕೋಣೆಗೆ ಬಿಸಿಲು ಒಳಗೆ ಬರುವುದು ಚಳಿಗಾಲದಲ್ಲಿ, ಬೇಸಿಗೆಯಲ್ಲಿ ಅದು ಸಜ್ಜಾದ ಹೊರಗೇ ನಿಲ್ಲುತ್ತದೆ. ನವೆಂಬರಿನಲ್ಲಿ ನೋಡಿ ಆರಿಸಿದ ಬಣ್ಣ ಮೇ ತಿಂಗಳಲ್ಲಿ ಬೇರೆಯಾಗಿ ಕಾಣುವುದು ಸಹಜ.

ಉತ್ತರದ ಕೋಣೆಗೆ ವರ್ಷದ ಹೆಚ್ಚು ಕಾಲ ಸಿಗುವುದು ಆಕಾಶದ ಬೆಳಕು. ಅದು ಸ್ಥಿರವಾಗಿರುತ್ತದೆ, ನಸುನೀಲಿಯಾಗಿರುತ್ತದೆ. ಅಲ್ಲಿ ಬೂದು ಹೆಚ್ಚಿರುವ ಬಣ್ಣ ಮಂಕು ಹಿಡಿದಂತೆ ಕಾಣುವುದರಿಂದ ಹಳದಿ ಅಥವಾ ಕೆಂಪು ಸ್ವಲ್ಪ ಹೆಚ್ಚಿದ್ದರೂ ನಡೆಯುತ್ತದೆ. ಪೂರ್ವದ ಕೋಣೆಯಲ್ಲಿ ಬೆಳಗಿನ ಎರಡು ಮೂರು ಗಂಟೆ ಬಂಗಾರದ ಬೆಳಕು, ಆಮೇಲೆ ಉತ್ತರದ ಕೋಣೆಯದೇ ಸ್ವಭಾವ. ಅತ್ಯಂತ ಎಚ್ಚರ ಬೇಕಾಗುವುದು ಪಶ್ಚಿಮಕ್ಕೆ. ಸಂಜೆಯ ಇಳಿಬಿಸಿಲು ಕಿತ್ತಳೆಯಾಗಿರುತ್ತದೆ. ಬಾದಾಮಿ ಬಣ್ಣದ ಗೋಡೆ ಆ ಹೊತ್ತಿನಲ್ಲಿ ಉರಿಯುವಂತೆ ಕಾಣುತ್ತದೆ. ಸಂಜೆ ಮನೆಯವರೆಲ್ಲ ಕೂಡುವ ಪಡಸಾಲೆ ಪಶ್ಚಿಮಕ್ಕಿದ್ದರೆ, ಬೂದು ಬೆರೆತ ಬಣ್ಣಕ್ಕೇ ನನ್ನ ಮತ.

ಕಿಟಕಿಯ ಹೊರಗೆ ಏನಿದೆ ಎಂಬುದನ್ನೂ ಗಮನಿಸಿ. ಬೇವಿನ ಮರ ಹತ್ತಿರವಿದ್ದರೆ ಕೋಣೆಯೊಳಗಿನ ಬೆಳಕಿಗೆ ಹಸಿರು ಸೇರುತ್ತದೆ. ಪಕ್ಕದ ಮನೆಯವರು ನೀಲಿ ಬಣ್ಣ ಹಚ್ಚಿದ್ದರೆ ಅದರ ಪಾಲೂ ನಿಮ್ಮ ಗೋಡೆಗೆ ಬರುತ್ತದೆ.

ಬಲ್ಬನ್ನು ಮೊದಲು ನಿರ್ಧರಿಸಿ

ನಮ್ಮಲ್ಲಿ ಬಹುತೇಕ ಮನೆಗಳಲ್ಲಿ ಉರಿಯುವುದು 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಬಲ್ಬು. ಪೆಟ್ಟಿಗೆಯ ಮೇಲೆ ಕೂಲ್ ಡೇ ಲೈಟ್ ಎಂದು ಬರೆದಿರುತ್ತದೆ. ಕೆಲ್ವಿನ್ ಎಂಬುದು ಬೆಳಕಿನ ಬಣ್ಣದ ಅಳತೆ: ಸಂಖ್ಯೆ ಹೆಚ್ಚಿದಷ್ಟೂ ಬೆಳಕು ನೀಲಿಗೆ, ಕಡಿಮೆಯಾದಷ್ಟೂ ಹಳದಿಗೆ ವಾಲುತ್ತದೆ. ಈ ಬೆಳಕಿನಲ್ಲಿ ನೀಲಿ ಹೆಚ್ಚು. ಹಗಲಿನಲ್ಲಿ ಹಿತವಾಗಿದ್ದ ಗೋಧಿ ಬಣ್ಣ ಅದರ ಕೆಳಗೆ ಬಣ್ಣಗೆಟ್ಟು ಬೂದಿಯಾಗುತ್ತದೆ. ಇದಕ್ಕೆ ವಿರುದ್ಧವಾಗಿ 2700 ಅಥವಾ 3000 ಕೆಲ್ವಿನ್‌ನ ವಾರ್ಮ್ ವೈಟ್ ಬಲ್ಬು ಪ್ರತಿ ಕೆನೆಬಣ್ಣಕ್ಕೂ ಹಳದಿ ಸೇರಿಸುತ್ತದೆ. ಬೆಚ್ಚನೆಯ ತಿಳಿಬಣ್ಣಗಳಿಗೆ 4000 ಕೆಲ್ವಿನ್ ಆಸುಪಾಸಿನ ಬೆಳಕು ಹೆಚ್ಚು ಒಪ್ಪುತ್ತದೆ: ಓದಲು, ಕೆಲಸಕ್ಕೆ ಸಾಕಷ್ಟು ಬೆಳಕು, ಗೋಡೆಯ ಬಣ್ಣವೂ ಹಗಲಿನದಕ್ಕೆ ಹತ್ತಿರ. ಬಲ್ಬಿನ ಮೇಲೆ ಸಿಆರ್‌ಐ ಎಂಬ ಸಂಖ್ಯೆ ನಮೂದಾಗಿದ್ದರೆ ನೋಡಿ; ವಸ್ತುಗಳ ನಿಜಬಣ್ಣ ಎಷ್ಟು ಚೆನ್ನಾಗಿ ಕಾಣುತ್ತದೆಂಬುದರ ಅಳತೆ ಅದು, ಗರಿಷ್ಠ 100. ಮನೆಗೆ 80ಕ್ಕಿಂತ ಕಡಿಮೆಯದನ್ನು ತರಬೇಡಿ. ಬಲ್ಬು ಬದಲಿಸುವ ಯೋಚನೆಯಿದ್ದರೆ ಬಣ್ಣದ ಪರೀಕ್ಷೆಗೆ ಮೊದಲೇ ಬದಲಿಸಿ. ಬಣ್ಣ ಹಚ್ಚಿಸಿದ ಮೇಲೆ ಬಲ್ಬು ಬದಲಿಸುವುದೆಂದರೆ ಇಡೀ ಕೋಣೆಯ ಬಣ್ಣ ಬದಲಿಸಿದ ಹಾಗೆ.

ಎಷ್ಟು ತಿಳಿ, ಎಷ್ಟು ಗಾಢ

ಬಣ್ಣದ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ಮರಳಿ ಬರುತ್ತದೆ ಎಂಬುದಕ್ಕೆ ಎಲ್‌ಆರ್‌ವಿ ಎಂಬ ಅಳತೆ ಇದೆ. ಸೊನ್ನೆ ಎಂದರೆ ಪೂರ್ಣ ಕಪ್ಪು, 100 ಎಂದರೆ ಪೂರ್ಣ ಬಿಳಿ. ಹಲವು ಕಂಪನಿಗಳು ಈ ಸಂಖ್ಯೆಯನ್ನು ಕಾರ್ಡಿನಲ್ಲಿ ಅಥವಾ ಜಾಲತಾಣದಲ್ಲಿ ಕೊಡುತ್ತವೆ. ದಪ್ಪ ಗೋಡೆಯ, ಚಿಕ್ಕ ಕಿಟಕಿಯ ಹಳೆಯ ಮನೆಗಳಿಗೆ 75ಕ್ಕಿಂತ ಹೆಚ್ಚಿನದು ಬೇಕು. ಅಲ್ಲಿ ಒಳಬಂದ ಪ್ರತಿ ಕಿರಣವನ್ನೂ ಗೋಡೆ ಮುಂದೆ ದಾಟಿಸಬೇಕಾಗುತ್ತದೆ. ದೊಡ್ಡ ಕಿಟಕಿಯ, ಬಿಸಿಲು ಧಾರಾಳವಾಗಿ ಬೀಳುವ ಕೋಣೆಗೆ 60ರಿಂದ 70ರ ನಡುವಿನದು ಹಿತ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ 85ರ ಬಿಳಿಗೋಡೆ ಮಧ್ಯಾಹ್ನ ಕಣ್ಣು ಕುಕ್ಕುತ್ತದೆ. ಹೊರಗಿನ ಝಳದಿಂದ ಒಳಗೆ ಬಂದವರ ಕಣ್ಣಿಗೆ ನೆರಳು ಬೇಕಿರುತ್ತದೆ ಎಂಬುದನ್ನು ಮರೆಯಬಾರದು.

ಬೆಚ್ಚನೆಯ ಬಣ್ಣ ಎಂದ ಕೂಡಲೇ, ಮೊದಲೇ 40 ಡಿಗ್ರಿ ದಾಟುವ ಊರಿನಲ್ಲಿ ಮನೆ ಇನ್ನಷ್ಟು ಕಾಯುವುದಿಲ್ಲವೇ ಎಂದು ಹಿರಿಯರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದು, ಉತ್ತರ ಹೇಳಲೇಬೇಕು. ಒಳಗೋಡೆಯ ಬಣ್ಣ ಕೆನೆಯಾಗಿದ್ದರೂ ನೀಲಿಯಾಗಿದ್ದರೂ ಕೋಣೆಯ ಉಷ್ಣತೆಯಲ್ಲಿ ಗಮನಿಸುವಂಥ ವ್ಯತ್ಯಾಸ ಆಗುವುದಿಲ್ಲ. ಬೆಚ್ಚನೆ ಎಂಬುದು ಕಣ್ಣಿನ ಅನುಭವ. ಸೆಕೆ ಬರುವುದು ಮುಖ್ಯವಾಗಿ ಮಾಳಿಗೆಯಿಂದ ಮತ್ತು ಪಶ್ಚಿಮದ ಹೊರಗೋಡೆಯಿಂದ. ಮಾಳಿಗೆಯ ಮೇಲೆ ಸುಣ್ಣ ಬಳಿಯುವುದು, ಹೊರಗೋಡೆಗೆ ಬಿಸಿಲನ್ನು ಹಿಂದಕ್ಕೆ ಕಳಿಸುವ ತಿಳಿಬಣ್ಣ ಹಚ್ಚುವುದು ಇವು ನಿಜವಾಗಿ ತಂಪು ಕೊಡುತ್ತವೆ. ಹೊರಗೋಡೆಗೆ ಆಕ್ಸೈಡ್ ಆಧಾರದ ಮಣ್ಣಿನ ಛಾಯೆಗಳು ಇನ್ನೊಂದು ಕಾರಣಕ್ಕೂ ಒಳ್ಳೆಯವು: ಕಬ್ಬಿಣದ ಆಕ್ಸೈಡು ಬಿಸಿಲಿಗೆ ಮಾಸುವುದಿಲ್ಲ. ಬೀದರಿನ ಜಂಬಿಟ್ಟಿಗೆ ಶತಮಾನಗಳ ಬಿಸಿಲಿನಲ್ಲೂ ಕೆಂಪಾಗಿ ಉಳಿದಿರುವುದು ಅದೇ ಆಕ್ಸೈಡಿನ ಗುಣದಿಂದ.

ಹಲಗೆಯ ಮೇಲೆ ಪರೀಕ್ಷೆ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ನಾವು ಬಿಟ್ಟುಬಿಡುವುದೂ ಇದನ್ನೇ. ಕಾರ್ಡಿನ ಚೂರು ಎರಡು ಬೆರಳಿನಷ್ಟು ಅಗಲ. ಕೋಣೆಯಲ್ಲಿ ನಾಲ್ಕೂ ಗೋಡೆಗಳು ಒಂದರ ಬಣ್ಣವನ್ನು ಇನ್ನೊಂದಕ್ಕೆ ಚೆಲ್ಲುವುದರಿಂದ ಅದೇ ಬಣ್ಣ ಒಂದು ಮೆಟ್ಟಿಲು ಗಾಢವಾಗಿ ಕಾಣುತ್ತದೆ. ಆದ್ದರಿಂದ ನೆಲಕ್ಕೂ ದಿಕ್ಕಿಗೂ ಹೊಂದುವ ಮೂರು ಬಣ್ಣಗಳನ್ನು ಮಾತ್ರ ಉಳಿಸಿಕೊಂಡು, ಪ್ರತಿಯೊಂದನ್ನೂ ಸಿಗುವ ಅತ್ಯಂತ ಚಿಕ್ಕ ಡಬ್ಬಿಯಲ್ಲಿ ಕಲಸಿಸಿ ತನ್ನಿ. ಎರಡು ಅಡಿ ಉದ್ದ, ಎರಡು ಅಡಿ ಅಗಲದ ಮೂರು ಪ್ಲೈವುಡ್ ಅಥವಾ ದಪ್ಪ ರಟ್ಟಿನ ಹಲಗೆಗಳಿಗೆ ಮೊದಲು ಬಿಳಿ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಅಂಚಿನಲ್ಲಿ ಎರಡು ಇಂಚಿನಷ್ಟು ಬಿಳಿಯನ್ನು ಹಾಗೆಯೇ ಬಿಟ್ಟು, ನಡುವೆ ಬಣ್ಣದ ಎರಡು ಪೂರ್ಣ ಕೋಟ್ ಕೊಡಿ. ಕೋಟ್‌ಗಳ ನಡುವೆ ಡಬ್ಬಿಯ ಮೇಲೆ ಹೇಳಿರುವಷ್ಟು ಹೊತ್ತು ಬಿಡಿ, ಸಾಮಾನ್ಯವಾಗಿ ನಾಲ್ಕು ಗಂಟೆ. ಬ್ರಷ್ಷಿನ ಬದಲು ಚಿಕ್ಕ ರೋಲರ್ ಬಳಸಿದರೆ ಗೋಡೆಯ ಮೇಲಿನಂಥದೇ ಮೈ ಬರುತ್ತದೆ.

ನೇರವಾಗಿ ಹಳೆಯ ಗೋಡೆಯ ಮೇಲೆಯೇ ಪಟ್ಟೆ ಎಳೆದು ನೋಡುವುದು ರೂಢಿ. ಅದನ್ನು ನಾನು ಒಪ್ಪುವುದಿಲ್ಲ. ಸುತ್ತಲಿನ ಹಳೆಯ ಬಣ್ಣ ಕಣ್ಣನ್ನು ದಾರಿ ತಪ್ಪಿಸುತ್ತದೆ, ಪಟ್ಟೆಯನ್ನು ಇನ್ನೊಂದು ಗೋಡೆಗೆ ಒಯ್ಯಲೂ ಆಗುವುದಿಲ್ಲ. ಹಲಗೆಯ ಸುತ್ತಲಿನ ಬಿಳಿ ಅಂಚು ಇರುವುದೇ ಆ ಹಳೆಯ ಬಣ್ಣವನ್ನು ದೂರ ಇಡಲು. ಹಲಗೆಯನ್ನು ಗೋಡೆಗೆ ಆನಿಸಿ ನಿಲ್ಲಿಸಿಯೇ ನೋಡಬೇಕು. ನೆಲದ ಮೇಲೆ ಮಲಗಿಸಿದರೆ ಬೆಳಕು ಬೇರೆ ಕೋನದಿಂದ ಬಿದ್ದು ಬಣ್ಣ ತಿಳಿಯಾಗಿ ಕಾಣುತ್ತದೆ.

ನಮ್ಮ ಪಡಸಾಲೆಯ ಎರಡನೆಯ ಸರದಿಯಲ್ಲಿ ಒಂದು ಕೆನೆ, ಒಂದು ಬಾದಾಮಿ, ಒಂದು ಜೋಳದ ಹಿಟ್ಟಿನ ಬಣ್ಣದ ಹಲಗೆಗಳನ್ನು ಮೂರು ದಿನ ಇಟ್ಟು ನೋಡಿದೆವು. ಬೆಳಿಗ್ಗೆ ಎಂಟಕ್ಕೆ ಮೂರೂ ಚೆನ್ನಾಗಿದ್ದವು. ಮಧ್ಯಾಹ್ನ ಒಂದಕ್ಕೆ ಕೆನೆಬಣ್ಣ, ನೆಲಕ್ಕೆ ಹತ್ತಿರದ ಭಾಗದಲ್ಲಿ ಹಳದಿಯಾಗಿ, ಮೇಲ್ಭಾಗದಲ್ಲಿ ಬಿಳಿಯಾಗಿ, ಒಂದೇ ಹಲಗೆಯ ಮೇಲೆ ಎರಡಾಗಿ ಕಂಡಿತು. ಸಂಜೆ ಐದೂವರೆಗೆ ಪಶ್ಚಿಮದ ಕಿಟಕಿಯ ಬಿಸಿಲು ಬಾದಾಮಿಯ ಮೇಲೆ ಬಿದ್ದಾಗ ಅದು ಪೂರ್ತಿ ಗುಲಾಬಿ ಹಿಡಿಯಿತು. ಜೋಳದ ಹಿಟ್ಟಿನ ಬಣ್ಣ ಆ ಹೊತ್ತಿನಲ್ಲಿ, ಆಗತಾನೆ ಹೆಂಚಿನಿಂದ ಇಳಿಸಿದ ರೊಟ್ಟಿಯಂತೆ ಹಿತವಾಗಿತ್ತು. ಆದರೆ ರಾತ್ರಿ 6500 ಕೆಲ್ವಿನ್ ಬಲ್ಬಿನ ಕೆಳಗೆ ಅದು ಬೂದಿಬೂದಿಯಾಯಿತು. ಬಣ್ಣ ಬದಲಿಸಬೇಕೋ ಬಲ್ಬು ಬದಲಿಸಬೇಕೋ ಎಂದು ಯೋಚಿಸಿ 4000 ಕೆಲ್ವಿನ್ ಬಲ್ಬು ತಂದು ಹಾಕಿದೆವು. ಅದರ ಕೆಳಗೆ ಬಣ್ಣ ಮರಳಿ ಬಂತು. ಆ ಗೋಡೆ ಇಂದಿಗೂ ಅದೇ ಬಣ್ಣದಲ್ಲಿದೆ.

ನೀವೂ ಹೀಗೆಯೇ ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ ಮತ್ತು ರಾತ್ರಿ ನಾಲ್ಕು ಹೊತ್ತಿನಲ್ಲಿ, ಕಿಟಕಿಯ ಎದುರಿನ ಗೋಡೆ, ಕಿಟಕಿ ಇರುವ ಗೋಡೆ ಮತ್ತು ಕತ್ತಲೆಯ ಮೂಲೆ ಈ ಮೂರು ಜಾಗಗಳಲ್ಲಿ ನೋಡಿ. ಕೋಣೆಯನ್ನು ಯಾವ ಹೊತ್ತಿನಲ್ಲಿ ಹೆಚ್ಚು ಬಳಸುತ್ತೀರೋ ಆ ಹೊತ್ತಿನ ತೀರ್ಪಿಗೆ ಹೆಚ್ಚು ತೂಕ ಕೊಡಿ.

ಗೋಡೆಯ ಸ್ಥಿತಿ ಮತ್ತು ಹೊಳಪು

ಹೊಸ ಗಿಲಾವು ಕನಿಷ್ಠ 28 ದಿನ ಒಣಗದೆ ಬಣ್ಣ ಹಚ್ಚಿಸಬೇಡಿ. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ಅಲ್ಲಲ್ಲಿ ಕೆಡಿಸುತ್ತದೆ, ಆಗ ಎಷ್ಟು ಎಚ್ಚರದಿಂದ ಆರಿಸಿದ ಬಣ್ಣವೂ ತೇಪೆಯಾಗಿ ಕಾಣುತ್ತದೆ. ಗೋಡೆಯ ಬುಡದಲ್ಲಿ ಉಪ್ಪು ಏಳುತ್ತಿದ್ದರೆ ಮೊದಲು ತೇವದ ಮೂಲವನ್ನು ಸರಿಪಡಿಸಬೇಕು. ಅದನ್ನು ಮುಚ್ಚುವ ಬಣ್ಣ ಯಾವುದೂ ಇಲ್ಲ. ಮಳೆಗಾಲ ಮುಗಿದು ಗೋಡೆಗಳು ಒಣಗಿದ ಮೇಲೆ, ದಸರೆಯ ನಂತರದ ತಿಂಗಳುಗಳು ಈ ಕೆಲಸಕ್ಕೆ ಅನುಕೂಲ.

ಒಂದೇ ಬಣ್ಣ ಹೊಳಪಿಲ್ಲದ ಮ್ಯಾಟ್ ಮೈಯಲ್ಲಿ ಮೃದುವಾಗಿಯೂ, ಹೊಳಪಿನ ಮೈಯಲ್ಲಿ ಗಾಢವಾಗಿಯೂ ಕಾಣುತ್ತದೆ. ಗಿಲಾವು ಏರುತಗ್ಗಾಗಿದ್ದರೆ ಹೊಳಪು ಅದನ್ನು ಎತ್ತಿ ತೋರಿಸುತ್ತದೆ, ಮ್ಯಾಟ್ ಮರೆಸುತ್ತದೆ. ಆದರೆ ಎರೆಮಣ್ಣಿನ ಧೂಳು ವರ್ಷವಿಡೀ ಬರುವ ನಮ್ಮ ಊರುಗಳಲ್ಲಿ ಗೋಡೆಯನ್ನು ಆಗಾಗ ಒರೆಸಬೇಕಾಗುತ್ತದೆ. ಆದ್ದರಿಂದ ಪಡಸಾಲೆಗೆ, ಮಕ್ಕಳ ಕೋಣೆಗೆ ಒರೆಸಿದರೆ ತಡೆಯುವ, ಮಂದ ಹೊಳಪಿನ ಎಮಲ್ಷನ್ (ನೀರು ಬೆರೆಸಿ ಹಚ್ಚುವ ಪ್ಲಾಸ್ಟಿಕ್ ಬಣ್ಣ) ಸೂಕ್ತ. ಅಡುಗೆಮನೆಗೆ ಇದು ಕಡ್ಡಾಯವೆಂದೇ ತಿಳಿಯಿರಿ.

ಮಣ್ಣು ಅಥವಾ ಸುಣ್ಣದ ಗಾರೆಯ ಹಳೆಯ ಮನೆಗಳಿಗೆ ಎಮಲ್ಷನ್ ಬೇಡ ಎಂದೇ ನನ್ನ ಸಲಹೆ. ಆ ಗೋಡೆಗಳು ತೇವವನ್ನು ಹೊರಬಿಡುತ್ತ ಬದುಕುತ್ತವೆ. ಮೇಲೆ ಪ್ಲಾಸ್ಟಿಕ್ಕಿನಂಥ ಪದರ ಕೂತರೆ ತೇವ ಒಳಗೇ ಉಳಿದು ಬಣ್ಣ ಹಪ್ಪಳದಂತೆ ಏಳುತ್ತದೆ. ಅಲ್ಲಿ ಸುಣ್ಣಕ್ಕೆ ಹಳದಿ ಮಣ್ಣು ಅಥವಾ ಕಾವಿಯನ್ನು ಚಿಟಿಕೆ ಚಿಟಿಕೆಯಾಗಿ ಬೆರೆಸಿ ಹಚ್ಚಿದರೆ ಸಿಗುವ ಕೆನೆಬಣ್ಣಕ್ಕೆ ಯಾವ ಡಬ್ಬಿಯ ಬಣ್ಣವೂ ಸಮವಲ್ಲ. ಸುಣ್ಣ ಒಣಗಿದಾಗ ಬಹಳ ತಿಳಿಯಾಗುತ್ತದೆ ಎಂಬುದನ್ನು ನೆನಪಿಟ್ಟು, ಒಂದು ಮೂಲೆಯಲ್ಲಿ ಹಚ್ಚಿ, ಮರುದಿನ ನೋಡಿಯೇ ಮಣ್ಣಿನ ಪ್ರಮಾಣವನ್ನು ನಿರ್ಧರಿಸಬೇಕು.

ಚಾವಣಿಗೆ ಅಚ್ಚ ಬಿಳಿಯ ಬದಲು ಗೋಡೆಯ ಬಣ್ಣದ್ದೇ ಒಳಛಾಯೆಯ ಅತಿ ತಿಳಿ ಬಿಳಿಯನ್ನು ಹಚ್ಚಿ. ಇಲ್ಲದಿದ್ದರೆ ಗೋಡೆ ಮಾಸಿದಂತೆ ಕಾಣುತ್ತದೆ. ಸಾಗವಾನಿ ಬಾಗಿಲಿಗೆ ಪಾಲಿಶ್ ಇದ್ದರೆ ಅದರ ಕೆಂಪುಕಂದನ್ನೂ ಹಲಗೆಯ ಪಕ್ಕ ಇಟ್ಟು ನೋಡಿ. ಹಳೆಯ ಬಾಗಿಲು ಕಿಟಕಿಗಳ ಎಣ್ಣೆಬಣ್ಣವನ್ನು ಕೆರೆಯುವಾಗ ಮಾತ್ರ ಜಾಗ್ರತೆ: ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕಿಂತ ಹಳೆಯ ಪದರಗಳನ್ನು ಒಣಗಿದ್ದಾಗ ಉಜ್ಜದೆ ನೀರು ಹಚ್ಚಿ ಕೆರೆಸಿ, ಮಕ್ಕಳನ್ನೂ ಬಸುರಿಯರನ್ನೂ ಆ ಕೋಣೆಯಿಂದ ದೂರವಿಡಿ.

ಲೆಕ್ಕ ಹಾಕಿ ಒಂದೇ ಸಲ ತರಿಸಿ

ಹತ್ತು ಅಡಿ ಅಗಲ, 12 ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯನ್ನು ತೆಗೆದುಕೊಳ್ಳಿ. ಸುತ್ತಳತೆ 44 ಅಡಿ, ಗೋಡೆಯ ವಿಸ್ತೀರ್ಣ 440 ಚದರಡಿ. ಮೂರಕ್ಕೆ ಏಳರ ಒಂದು ಬಾಗಿಲು, ನಾಲ್ಕಕ್ಕೆ ನಾಲ್ಕರ ಎರಡು ಕಿಟಕಿ ಕಳೆದರೆ ಉಳಿಯುವುದು 387 ಚದರಡಿ. ಪುಟ್ಟಿ ಮಾಡಿದ ನುಣುಪು ಗೋಡೆಯ ಮೇಲೆ ಎರಡು ಕೋಟ್‌ಗೆ ಲೀಟರಿಗೆ ಸುಮಾರು 120 ಚದರಡಿ ಎಂದು ಹಿಡಿದರೆ ಮೂರೂಕಾಲು ಲೀಟರ್ ಬೇಕು. ನಾಲ್ಕು ಲೀಟರಿನ ಡಬ್ಬಿ ತರುವುದು ಸರಿ. ಒಂದಕ್ಕಿಂತ ಹೆಚ್ಚು ಡಬ್ಬಿ ಬೇಕಾದಾಗ ಎಲ್ಲವನ್ನೂ ಒಂದೇ ದಿನ, ಒಂದೇ ಯಂತ್ರದಲ್ಲಿ ಕಲಸಿಸಿ. ಆಮೇಲೆ ದೊಡ್ಡ ಬಕೆಟ್ಟಿನಲ್ಲಿ ಎಲ್ಲವನ್ನೂ ಒಟ್ಟಿಗೆ ಬೆರೆಸಿಕೊಂಡು ಹಚ್ಚಲು ಮೇಸ್ತ್ರಿಗೆ ಹೇಳಿ. ತಿಳಿಬಣ್ಣಗಳಲ್ಲಿ ಒಂದು ಹನಿ ಕೆಂಪು ಹೆಚ್ಚುಕಡಿಮೆಯಾದರೂ ಎರಡು ಗೋಡೆಗಳು ಬೇರೆಬೇರೆಯಾಗಿ ಕಾಣುತ್ತವೆ. ನೀರು ಎಷ್ಟು ಬೆರೆಸಬೇಕೆಂಬುದು ಡಬ್ಬಿಯ ಮೇಲಿರುತ್ತದೆ, ಅಷ್ಟನ್ನೇ ಅಳೆದು ಹಾಕಿಸಿ.

ಮೊದಲ ಕೋಟ್ ಹಸಿಯಾಗಿದ್ದಾಗ ಗಾಬರಿಯಾಗಬೇಡಿ. ಹಸಿ ಎಮಲ್ಷನ್ ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದಂತೆ ಸ್ವಲ್ಪ ಗಾಢವಾಗುತ್ತದೆ. ಒಣಗಿದ ಮೇಲೆ ನಿಮ್ಮ ಹಲಗೆಯನ್ನು ಆ ಗೋಡೆಗೆ ಹಿಡಿದು ಹೋಲಿಸಿ; ಎರಡನೆಯ ಕೋಟ್‌ಗೆ ಮೊದಲೇ ವ್ಯತ್ಯಾಸ ಕಂಡರೆ ಕೆಲಸ ನಿಲ್ಲಿಸಿ, ಡಬ್ಬಿಯ ಮುಚ್ಚಳದ ಚೀಟಿಯಲ್ಲಿರುವ ಸಂಖ್ಯೆಯನ್ನು ಅಂಗಡಿಯಲ್ಲಿ ತಾಳೆ ನೋಡಿಸಿ. ಕೆಲಸ ಮುಗಿದ ಮೇಲೆ ಆ ಚೀಟಿಯ ಫೋಟೊ ತೆಗೆದಿಟ್ಟುಕೊಂಡು, ಉಳಿದ ಬಣ್ಣವನ್ನು ಗಾಳಿಯಾಡದಂತೆ ಮುಚ್ಚಿ ನೆರಳಿನಲ್ಲಿಡಿ. ಹಲಗೆಯನ್ನು ಬಿಸಾಡಬೇಡಿ, ಪರದೆಯ ಬಟ್ಟೆ, ಸೋಫಾದ ಹೊದಿಕೆ ಕೊಳ್ಳಲು ಹೋಗುವಾಗ ಅದನ್ನೇ ಕಂಕುಳಲ್ಲಿಟ್ಟುಕೊಂಡು ಹೋಗಿ, ಅಂಗಡಿಯ ಬಾಗಿಲಿನ ಹಗಲು ಬೆಳಕಿಗೆ ಬಂದು ಬಟ್ಟೆಯನ್ನು ಅದರ ಮೇಲೆ ಹಾಸಿ ನೋಡಿ.